ಸಾಹಿತ್ಯಕ್ಕೆ ಒಂದು ರಾತ್ರಿ, ಹಾಡಿಗೆ ಹನ್ನೊಂದು ತಿಂಗಳು

ಸಾಹಿತ್ಯ ಬರೆದಿದ್ದು ಒಂದೇ ರಾತ್ರಿ. ಅದು ಹಾಡಾಗಿ ಹೊರಗೆ ಬರೋಕೆ ಹತ್ತು ತಿಂಗಳು ಹಿಡಿಯಿತು. ಬಂದ ಮೇಲೆ ಕೇಳಿದವರು ಹೇಳಿದ್ದನ್ನು ಅರಗಿಸಿಕೊಳ್ಳೋಕೆ ಇನ್ನೊಂದು ತಿಂಗಳು. ಈಗ ಎಲ್ಲ ಮುಗಿದಿದೆ. ರ್ಯಾಪ್ ಬರೆಯುವವರು, ಇನ್ನೊಬ್ಬರ ಜೊತೆ ಸೇರಿ ಮೊದಲ ಹಾಡು ಮಾಡಬೇಕು ಅಂತಿರುವವರು ನಾನು ಎಡವಿದ ಕಡೆಯೇ ಎಡವಬಾರದು. ಅದಕ್ಕೇ ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ನಾಲ್ಕು ವರ್ಷದ ಸಂಬಂಧ ಮುರಿದುಬಿದ್ದಿತ್ತು. ಜಗಳ ಆಗಲಿಲ್ಲ, ಕೂಗಾಟ ಇರಲಿಲ್ಲ. ನಾನು ಮನೆಗೆ ಬಂದಾಗ ಅವಳು ಇರಲಿಲ್ಲ, ಅಷ್ಟೇ. ಆ ರಾತ್ರಿ ಫೋನಿನಲ್ಲಿ ಬೀಟ್, ಅಂದರೆ ರ್ಯಾಪ್‌ನ ಹಿನ್ನೆಲೆ ಸಂಗೀತ, ಹಾಕಿಕೊಂಡು ಕೂತೆ. ಬೆಳಗಾಗುವ ಹೊತ್ತಿಗೆ ಮೂರು ವರ್ಸ್ (ರ್ಯಾಪ್‌ನ ಚರಣ) ಆಗಿತ್ತು. ಪ್ರತಿ ವರ್ಸ್ 16 ಬಾರ್, ಒಂದು ಬಾರ್ ಅಂದರೆ ನಾಲ್ಕು ಪೆಟ್ಟು. ಬೀಟ್ ನಿಮಿಷಕ್ಕೆ 70 ಪೆಟ್ಟಿನದು, ಹಾಗಾಗಿ ಒಂದು ವರ್ಸ್ ಸುಮಾರು 55 ಸೆಕೆಂಡ್. ಓದಿಕೊಂಡಾಗ ಮೈ ನಡುಗಿತು. ಇದಕ್ಕಿಂತ ನಿಜವಾದದ್ದನ್ನು ನಾನು ಬರೆದೇ ಇಲ್ಲ ಅನ್ನಿಸಿತು.

ಹುಕ್ ಮಾತ್ರ ಬರಲಿಲ್ಲ. ಅದು ಪಲ್ಲವಿಯ ಹಾಗೆ ಮತ್ತೆ ಮತ್ತೆ ಬರುವ, ಹಾಡುವ ಭಾಗ. ನನಗೆ ಹಾಡೋಕೆ ಬರಲ್ಲ, ಯಾರಾದರೂ ಹಾಡಬೇಕಿತ್ತು. ಒಬ್ಬ ಗಾಯಕಿಯ ಎರಡು ಹಾಡು ಕೇಳಿದ್ದೆ, ಪರಿಚಯ ಇರಲಿಲ್ಲ. ಮೆಸೇಜ್ ಹಾಕಿ, ಸಾಹಿತ್ಯ ಮತ್ತು ಒಂದು ಕಚ್ಚಾ ರೆಕಾರ್ಡಿಂಗ್ ಕಳಿಸಿದೆ. ಮೂರು ವಾರ ಉತ್ತರ ಇಲ್ಲ. ಕೈಬಿಟ್ಟೆ ಅಂದುಕೊಂಡ ಮೇಲೆ ಒಂದು ಸಂಜೆ ಅವರೇ ಫೋನ್ ಮಾಡಿದರು. ಮೊದಲ ಮಾತೇ ಸಾಹಿತ್ಯದ ಬಗ್ಗೆ.

ನಾನು ಬರೆದಿದ್ದು ಹೀಗಿತ್ತು: ‘ನೀನು ಹೋದೆ, ನಾನು ನೊಂದೆ, ರಾತ್ರಿಯೆಲ್ಲ ಒಳಗೆ ಬೆಂದೆ.’ ಅವರು ಹೇಳಿದರು, ಇದು ಪ್ರಾಸ ಅಲ್ಲ, ವ್ಯಾಕರಣ. ಕನ್ನಡದಲ್ಲಿ ನಾನು, ನೀನು ಅಂತ ಶುರು ಮಾಡಿ ಆಗಿಹೋದದ್ದನ್ನು ಹೇಳಿದರೆ ಕ್ರಿಯಾಪದ ತಾನಾಗೇ ‘ಎ’ಕಾರದಲ್ಲಿ ಮುಗಿಯುತ್ತೆ, ಅಂತ್ಯಪ್ರಾಸ ಪುಕ್ಕಟೆ ಸಿಗುತ್ತೆ, ಪುಕ್ಕಟೆ ಸಿಕ್ಕಿದ್ದು ಕಿವಿಗೆ ನಾಟಲ್ಲ ಅಂತ. ಬೇಜಾರಾಯಿತು. ಆದರೆ ಫೋನ್ ಇಟ್ಟಮೇಲೆ ಜೋರಾಗಿ ಓದಿ ನೋಡಿದೆ, ಅವರು ಹೇಳಿದ್ದು ನಿಜ. ಹತ್ತು ಸಾಲು ಒಂದೇ ಸದ್ದಿನಲ್ಲಿ ಬೀಳುತ್ತಿದ್ದವು.

ಆಗ ಶಾಲೆಯಲ್ಲಿ ಓದಿದ ಆದಿಪ್ರಾಸ ನೆನಪಾಯಿತು. ಸಾಲಿನ ಕೊನೆಯಲ್ಲಲ್ಲ, ಮೊದಲ ಪದದ ಎರಡನೇ ಅಕ್ಷರದಲ್ಲಿ ಪ್ರಾಸ ಕೂರಿಸೋದು. ಹಳೆಗನ್ನಡದ ಪದ್ಯಗಳ ಈ ಕಟ್ಟು ಬೀಟ್ ಮೇಲೆ ಎಷ್ಟು ಚೆನ್ನಾಗಿ ಕೂರುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ. ಬಾರ್‌ನ ಮೊದಲ ಪೆಟ್ಟಿನ ಹತ್ತಿರವೇ ಪ್ರಾಸ ಬೀಳುತ್ತೆ, ಕೊನೆ ಖಾಲಿ ಉಳಿಯುತ್ತೆ. ಮೊದಲ ವರ್ಸ್ ಹೊಸದಾಗಿ ಹೀಗೆ ಶುರುವಾಯಿತು:

ಬಾಗಿಲು ಮುಚ್ಚಿದ ಸದ್ದೇ ಇಲ್ಲ
ಬೀಗದ ಕೈ ಮಾತ್ರ ಮೇಜಿನ ಮೇಲೆ
ಹೋಗುವ ಮುಂಚೆ ನೀನು ದೀಪ ಆರಿಸಿದ್ದೆ

ಮೊದಲ ಎರಡು ವರ್ಸ್ ಹೀಗೆ ತಿದ್ದೋಕೆ ಎರಡು ವಾರ ಹಿಡಿಯಿತು. ಮೂರನೆಯದನ್ನು ಮುಟ್ಟಲಿಲ್ಲ. ಅದರಲ್ಲಿ ಸಿಟ್ಟು ಇತ್ತು, ಸಿಟ್ಟನ್ನು ತಿದ್ದಬಾರದು ಅಂತ ಆಗ ನಂಬಿದ್ದೆ.

ಅವರು ಇನ್ನೊಂದು ಷರತ್ತು ಹಾಕಿದರು. ‘ಯಾಕೆ ಹೋದೆ’ ಅಂತ ನಿನ್ನ ಮಾತನ್ನೇ ರಾಗದಲ್ಲಿ ಹಾಡಲ್ಲ, ಹಾಡಿದರೆ ಬಿಟ್ಟು ಹೋದವಳ ಕಡೆಯಿಂದ ಹಾಡ್ತೀನಿ, ಸಾಹಿತ್ಯವನ್ನೂ ನಾನೇ ಬರೀತೀನಿ ಅಂದರು. ಒಪ್ಪಿಕೊಂಡೆ. ನಿಜ ಹೇಳಬೇಕೆಂದರೆ, ಆ ಧ್ವನಿ ಬೇಕಿತ್ತು ಅಂತ ಒಪ್ಪಿಕೊಂಡೆ.

ನಾವಿಬ್ಬರೂ ಈವರೆಗೆ ಒಂದೇ ಕೋಣೆಯಲ್ಲಿ ಕೂತು ಕೆಲಸ ಮಾಡಿಲ್ಲ. ಅವರು ತಮ್ಮ ಮನೆಯ ಬಟ್ಟೆ ಬೀರುವಿನ ಬಾಗಿಲು ತೆಗೆದು, ತೂಗುಹಾಕಿದ ಬಟ್ಟೆಗಳ ಕಡೆ ಮುಖ ಮಾಡಿ ಹಾಡುತ್ತಿದ್ದರು. ಬಟ್ಟೆ ಪ್ರತಿಧ್ವನಿಯನ್ನು ಹೀರಿಕೊಳ್ಳುತ್ತೆ, ಸ್ಟುಡಿಯೋ ಬಾಡಿಗೆ ಉಳಿಯುತ್ತೆ. ಹುಕ್‌ನ ಫೈಲ್ ಬಂದ ರಾತ್ರಿ ಬೀಟ್ ಇಲ್ಲದೆ ಬರೀ ಧ್ವನಿಯನ್ನು ಕೇಳಿದೆ. ತಗ್ಗಿದ, ಭಾರವಾದ ಧ್ವನಿ, ಒಂದೊಂದು ಪದವನ್ನೂ ಎಳೆದು ಎಳೆದು ಹೇಳುವ ಹಾಗೆ. ಕಣ್ಣು ತುಂಬಿ ಬಂತು. ಮರುದಿನ ಬೀಟ್ ಮೇಲೆ ಇಟ್ಟರೆ ಎರಡನೇ ಬಾರ್‌ಗೇ ತಾಳ ತಪ್ಪುತ್ತಿದೆ. ಅವರಿಗೆ ಹೇಳಿದೆ, ಮತ್ತೆ ಹಾಡಿ ಕಳಿಸಿದರು, ಮತ್ತೆ ಅದೇ. ಮೂರನೇ ಸಲ ಕೇಳುವಾಗ ಅವರ ಧ್ವನಿಯಲ್ಲಿ ಬೇಸರ ಇತ್ತು.

ತಪ್ಪು ನನ್ನ ಕಡೆಯದು. ಅವರ ರೆಕಾರ್ಡಿಂಗ್‌ನ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಧ್ವನಿಯನ್ನು ಎಷ್ಟು ಸಲ ಅಳೆಯುತ್ತೆ ಅನ್ನೋದು) 48 ಕಿಲೋಹರ್ಟ್ಸ್ ಇತ್ತು, ನನ್ನ ಪ್ರಾಜೆಕ್ಟ್ ಇದ್ದಿದ್ದು 44.1ರಲ್ಲಿ. ಫೈಲ್ ತರಿಸಿಕೊಳ್ಳುವಾಗ ತಾನಾಗಿ ಪರಿವರ್ತಿಸುವ ಆಯ್ಕೆಯನ್ನು ಯಾವತ್ತೋ ಆಫ್ ಮಾಡಿಟ್ಟಿದ್ದೆ. ಹಾಗಾದಾಗ ಧ್ವನಿ ನಿಧಾನವಾಗುತ್ತೆ, ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಕೆಳಗೆ ಇಳಿಯುತ್ತೆ. 27 ಸೆಕೆಂಡಿನ ಹುಕ್ 30 ಸೆಕೆಂಡ್ ಹತ್ತಿರ ಓಡುತ್ತಿತ್ತು. ಸರಿಮಾಡಿ ಕೇಳಿದಾಗ ಅದು ಬೇರೆಯೇ ಧ್ವನಿ. ಅಳುವ ಧ್ವನಿಯಲ್ಲ. ತಿಳಿಯಾಗಿತ್ತು, ನೇರವಾಗಿತ್ತು, ತೀರ್ಮಾನ ಮಾಡಿ ಆದಮೇಲೆ ಮಾತಾಡುವವರ ಹಾಗಿತ್ತು. ದೂರದಿಂದ ಜೊತೆಗೂಡಿ ಕೆಲಸ ಮಾಡುವವರು ಮೊದಲ ದಿನವೇ ಇಷ್ಟನ್ನು ಬರೆದು ಹಂಚಿಕೊಳ್ಳಿ: ಸ್ಯಾಂಪಲ್ ರೇಟ್, ಬಿಟ್ ಡೆಪ್ತ್ (ಪ್ರತಿ ಅಳತೆ ಎಷ್ಟು ಸೂಕ್ಷ್ಮ ಅನ್ನೋದು, 24 ಇರಲಿ), ತಾಳದ ವೇಗ, ಶ್ರುತಿ. ಪ್ರತಿ ಫೈಲ್ ಹಾಡಿನ ಸೊನ್ನೆ ಸೆಕೆಂಡಿನಿಂದಲೇ ಶುರುವಾಗಲಿ, ಹಾಡದ ಜಾಗ ಮೌನವಾಗಿರಲಿ. ಆಗ ಯಾರು ಎಲ್ಲಿ ತೆರೆದರೂ ಸಾಲಿಗೆ ಸಾಲು ಕೂರುತ್ತೆ.

ಹಾಡಿನ ಮೊದಲಲ್ಲಿ ನಾನು ಒಂದು ವಾಯ್ಸ್ ನೋಟ್ ಇಟ್ಟಿದ್ದೆ. ಅವಳದ್ದು. ಹಳೆಯದು, ಆರು ಸೆಕೆಂಡ್, ‘ಬರುವಾಗ ಲೇಟಾಗುತ್ತೆ, ಕಾಯಬೇಡ’ ಅಂತ. ಇಡೀ ಹಾಡಿನಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದ ಜಾಗ ಅದು. ಗಾಯಕಿ ಕೇಳಿದ್ದು ಒಂದೇ ಪ್ರಶ್ನೆ: ಅವರನ್ನು ಕೇಳಿದ್ದೀಯಾ? ಕೇಳಿರಲಿಲ್ಲ. ನನ್ನ ಫೋನಿನಲ್ಲಿರೋದು ನನ್ನದು ಅಂದುಕೊಂಡಿದ್ದೆ. ಇನ್ನೊಬ್ಬರ ಧ್ವನಿಯನ್ನು ಒಪ್ಪಿಗೆ ಇಲ್ಲದೆ ಪ್ರಕಟಿಸೋದು ಕಾನೂನಿನ ತಕರಾರಿಗೂ ದಾರಿ, ಅದಕ್ಕಿಂತ ಮೊದಲು ಅದು ತಪ್ಪು. ಮೆಸೇಜ್ ಮಾಡಿದೆ. ನಾಲ್ಕು ಸಾಲು ಬರೆಯೋಕೆ ಒಂದು ಇಡೀ ಸಂಜೆ ಹೋಯಿತು. ಒಂಬತ್ತು ದಿನ ಉತ್ತರ ಇಲ್ಲ. ಆ ಒಂಬತ್ತು ದಿನ ಹಾಡಿನ ಕಡತವನ್ನು ತೆರೆಯಲೂ ಇಲ್ಲ. ಹತ್ತನೇ ದಿನ ಬಂತು: ‘ಧ್ವನಿ ಬೇಡ. ಹಾಡು ನಿನ್ನಿಷ್ಟ.’

ಅಳಿಸಿದೆ. ಹಾಡು ಈಗ ಬಾಗಿಲಿನ ಸಾಲಿನಿಂದಲೇ ಶುರುವಾಗುತ್ತೆ.

ನಾಲ್ಕನೇ ತಿಂಗಳಿಗೆ ಹಾಡು ಮುಗಿಯಿತು ಅಂದುಕೊಂಡಾಗ ದೊಡ್ಡ ಪೆಟ್ಟು ಬಿತ್ತು. ಬೀಟ್ ಅನ್ನು ಆನ್‌ಲೈನ್‌ನಲ್ಲಿ ಲೀಸ್ ತೆಗೆದುಕೊಂಡಿದ್ದೆ. ಲೀಸ್ ಅಂದರೆ ಬೀಟ್ ನಿಮ್ಮದಾಗಲ್ಲ. ಅದೇ ಬೀಟ್ ಬೇರೆಯವರಿಗೂ ಸಿಗುತ್ತೆ, ಎಷ್ಟು ಸ್ಟ್ರೀಮ್‌ವರೆಗೆ ಬಳಸಬಹುದು ಅನ್ನೋದಕ್ಕೆ ಹಲವು ಲೀಸ್‌ಗಳಲ್ಲಿ ಮಿತಿ ಇರುತ್ತೆ. ಅದು ಗೊತ್ತಿತ್ತು. ಗೊತ್ತಿಲ್ಲದ್ದು, ಆ ಬೀಟ್‌ನಲ್ಲಿದ್ದ ಪಿಯಾನೋ ತುಣುಕು ಒಂದು ಹಳೆಯ ಹಾಡಿನಿಂದ ಎತ್ತಿದ್ದು ಅನ್ನೋದು. ಪರೀಕ್ಷೆಗೆಂದು ಯೂಟ್ಯೂಬ್‌ಗೆ ಖಾಸಗಿಯಾಗಿ ಹಾಕಿದ್ದ ವಿಡಿಯೋಗೆ ಹಕ್ಕುಸ್ವಾಮ್ಯದ ಕ್ಲೇಮ್ ಬಂದಾಗಲೇ ತಿಳಿದಿದ್ದು. ಬೀಟ್ ಮಾಡಿದವನು ‘ಎಲ್ಲ ಕ್ಲಿಯರ್ ಆಗಿದೆ’ ಅಂದಿದ್ದ. ಕಾಗದ ಕೇಳಿದಾಗ ಮಾತು ನಿಂತಿತು.

ಸ್ಯಾಂಪಲ್, ಅಂದರೆ ಇನ್ನೊಂದು ಹಾಡಿನಿಂದ ಎತ್ತಿದ ತುಣುಕು, ಬಳಸೋಕೆ ಎರಡು ಅನುಮತಿ ಬೇಕು. ರಾಗ, ಸಾಹಿತ್ಯದ ಹಕ್ಕು ಇರುವವರದ್ದು ಒಂದು, ಆ ರೆಕಾರ್ಡಿಂಗ್‌ನ ಹಕ್ಕು ಇರುವವರದ್ದು ಇನ್ನೊಂದು. ಅದೇ ರಾಗವನ್ನು ನೀವೇ ಹೊಸದಾಗಿ ನುಡಿಸಿಕೊಂಡರೆ ರೆಕಾರ್ಡಿಂಗ್‌ನ ಅನುಮತಿ ಬೇಡ, ರಾಗದ್ದು ಬೇಕೇ ಬೇಕು. ‘ಎರಡು ಸೆಕೆಂಡ್ ತಾನೇ’ ಅನ್ನೋ ಸಮಾಧಾನ ಹೇಳಿಕೊಳ್ಳಬೇಡಿ. 1991ರಲ್ಲಿ ಅಮೆರಿಕದ ರ್ಯಾಪರ್ ಬಿಜ್ ಮಾರ್ಕಿ ಅನುಮತಿ ಇಲ್ಲದೆ ಗಿಲ್ಬರ್ಟ್ ಓಸುಲಿವನ್ ಹಾಡಿನ ತುಣುಕು ಬಳಸಿದ್ದಕ್ಕೆ ನ್ಯೂಯಾರ್ಕಿನ ಫೆಡರಲ್ ಕೋರ್ಟ್ ತಡೆ ಕೊಟ್ಟಿತು, ಆಲ್ಬಂ ಮಾರಾಟದಿಂದ ವಾಪಸಾಯಿತು. ಹಿಪ್‌ಹಾಪ್‌ನಲ್ಲಿ ಸ್ಯಾಂಪಲ್‌ಗೆ ಮೊದಲೇ ಅನುಮತಿ ಪಡೆಯುವ ಪದ್ಧತಿ ಗಟ್ಟಿಯಾಗಿದ್ದು ಆ ತೀರ್ಪಿನ ಮೇಲೆ. ನಾವು ಎರಡೂ ಕಡೆ ಬರೆದೆವು. ಒಂದು ಕಡೆಯಿಂದ ಫಾರ್ಮ್ ಬಂತು, ಇನ್ನೊಂದು ಕಡೆಯಿಂದ ಏನೂ ಬರಲಿಲ್ಲ. ಏಳು ವಾರ ಕಾದು ಪಿಯಾನೋವನ್ನೇ ಬಿಟ್ಟೆವು. ಡ್ರಮ್ ಮಾತ್ರ ಅದೇ ಇಟ್ಟುಕೊಂಡು, ಹೊಸ ರಾಗ ಕಟ್ಟಿಸಿ, ಈ ಸಲ ಪೂರ್ತಿ ಹಕ್ಕು ಬರೆಸಿಕೊಂಡೆವು. ಮೊದಲೇ ಹಾಗೆ ಮಾಡಿದ್ದರೆ ಬೀಟ್‌ನ ಖರ್ಚು ಅರ್ಧಕ್ಕರ್ಧ ಇಳಿಯುತ್ತಿತ್ತು.

ಈ ಗಲಾಟೆಯ ನಡುವೆ ಸ್ಪ್ಲಿಟ್ ಶೀಟ್ ವಿಷಯ ಬಂತು. ಹಾಡಿನಲ್ಲಿ ಯಾರ ಪಾಲು ಎಷ್ಟು ಅಂತ ಎಲ್ಲರೂ ಸಹಿ ಹಾಕುವ ಒಂದು ಪುಟದ ಕಾಗದ. ಸಾಹಿತ್ಯ ಮತ್ತು ಸಂಗೀತದ ಪಾಲು ಬೇರೆ, ರೆಕಾರ್ಡಿಂಗ್‌ನ ಪಾಲು ಬೇರೆ, ಎರಡೂ ಪ್ರತ್ಯೇಕವಾಗಿ 100 ಆಗಬೇಕು. ಗಾಯಕಿ ಸಾಹಿತ್ಯದಲ್ಲಿ ಸಮಪಾಲು ಕೇಳಿದರು. ನಾನು 48 ಬಾರ್ ಬರೆದಿದ್ದೆ, ಅವರು 8. ಮೂರು ದಿನ ಮಾತಾಡಲಿಲ್ಲ. ಬಾರ್ ಲೆಕ್ಕಕ್ಕಿಂತ ನನ್ನನ್ನು ಚುಚ್ಚಿದ್ದು ಬೇರೆ: ಈ ನೋವು ನನ್ನದು, ಇದರಲ್ಲಿ ಅವರಿಗೆ ಅರ್ಧ ಹೇಗೆ? ಕೊನೆಗೆ ಅವರ 8 ಬಾರ್ ತೆಗೆದು ಹಾಡು ಕೇಳಿ ನೋಡಿದೆ. ಒಬ್ಬ ಗಂಡಸು ಮೂರು ನಿಮಿಷ ದೂರುತ್ತಾ ಇರೋದು, ಅಷ್ಟೇ ಉಳಿದಿತ್ತು. ಸಹಿ ಹಾಕಿದೆ. ಈ ಕಾಗದವನ್ನು ದಯವಿಟ್ಟು ಮೊದಲ ಫೈಲ್ ಕಳಿಸುವ ಮುಂಚೆಯೇ ಮುಗಿಸಿಕೊಳ್ಳಿ. ಹಾಡಿನ ಮೇಲೆ ಪ್ರೀತಿ ಬೆಳೆದಮೇಲೆ ಪಾಲು ಮಾಡೋದು ಬಹಳ ಕಷ್ಟ.

ಮಿಕ್ಸಿಂಗ್‌ಗೇ, ಅಂದರೆ ಎಲ್ಲ ಧ್ವನಿಗಳನ್ನೂ ಹದವಾಗಿ ಬೆರೆಸೋಕೇ, ನಮ್ಮ ಒಟ್ಟು ಖರ್ಚಿನ ಅರ್ಧಕ್ಕಿಂತ ಹೆಚ್ಚು ಹೋಯಿತು. ಮೂರು ಸಲ ತಿದ್ದುಪಡಿ ಒಪ್ಪಂದದಲ್ಲೇ ಇತ್ತು, ಆಮೇಲಿನ ಪ್ರತಿ ತಿದ್ದುಪಡಿಗೂ ಬೇರೆ ದುಡ್ಡು. ನಾವು ಏಳು ಮಾಡಿಸಿದೆವು. ಜಗಳ ಇದ್ದಿದ್ದು ಒಂದೇ ವಿಷಯಕ್ಕೆ. ನನ್ನ ರ್ಯಾಪ್ ಕಿವಿಯ ಪಕ್ಕದಲ್ಲೇ ಹೇಳಿದ ಹಾಗೆ ಒಣಗಿರಲಿ, ಹುಕ್‌ಗೆ ಮಾತ್ರ ರಿವರ್ಬ್ (ಕೋಣೆಯಲ್ಲಿ ಮೊಳಗಿದ ಹಾಗಿನ ಗುಂಗು) ಇರಲಿ, ದೂರದಿಂದ ಕೇಳಿಸಲಿ ಅಂದೆ. ಇಬ್ಬರ ಧ್ವನಿಯೂ ಒಂದೇ ಕೋಣೆಯಲ್ಲಿರಬೇಕು ಅಂದರು ಗಾಯಕಿ. ಮಿಕ್ಸ್ ಮಾಡುವವರು ಮಧ್ಯದ ದಾರಿ ಹುಡುಕಿ ಹುಡುಕಿ ಸುಸ್ತಾದರು. ಕೊನೆಗೆ ನನ್ನ ಮಾತೇ ನಡೆಯಿತು. ಹುಕ್ ಶುರುವಾಗುವ ಮುಂಚಿನ ಅವರ ಉಸಿರನ್ನು ಮಾತ್ರ ಅಳಿಸಬಾರದು ಅಂತ ಅವರು ಹಠ ಹಿಡಿದರು. ಅದು ಉಳಿಯಿತು.

ಮಾಸ್ಟರಿಂಗ್‌ನಲ್ಲಿ, ಅಂದರೆ ಬಿಡುಗಡೆಗೆ ಮುಂಚೆ ಕೊನೆಯದಾಗಿ ಹದ ಮಾಡುವಾಗ, ಹಾಡನ್ನು ಆದಷ್ಟು ಜೋರು ಮಾಡಿಸುವ ಆಸೆ ಎಲ್ಲರಿಗೂ ಇರುತ್ತೆ. ಸ್ಪಾಟಿಫೈ ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಎಲ್ಲ ಹಾಡನ್ನೂ ಮೈನಸ್ 14 ಎಲ್‌ಯುಎಫ್‌ಎಸ್ (ಹಾಡು ಎಷ್ಟು ಜೋರು ಅನ್ನೋದರ ಅಳತೆ) ಸುತ್ತಮುತ್ತ ತಂದೇ ನುಡಿಸುತ್ತೆ, ಅದಕ್ಕಿಂತ ಜೋರಿದ್ದರೆ ಇಳಿಸುತ್ತೆ. ಜೋರಿಗೋಸ್ಕರ ಉಸಿರು ಕಟ್ಟಿಸಬೇಡಿ.

ಅಪ್‌ಲೋಡ್ ಸುಲಭ ಅಂದುಕೊಂಡಿದ್ದೆ, ಅಲ್ಲೂ ಐದು ವಾರ ಹೋಯಿತು. ಮುಖಪುಟದ ಚಿತ್ರ 3000 ಪಿಕ್ಸೆಲ್ ಚೌಕ ಇತ್ತು, ಸರಿ. ಆದರೆ ಚಿತ್ರದ ಮೇಲಿನ ಹೆಸರಿಗೂ ಫಾರ್ಮಿನಲ್ಲಿ ತುಂಬಿದ ಹೆಸರಿಗೂ ಒಂದಕ್ಷರ ವ್ಯತ್ಯಾಸ ಇದ್ದಿದ್ದಕ್ಕೆ ಹಾಡನ್ನು ಆ್ಯಪ್‌ಗಳಿಗೆ ತಲುಪಿಸುವ ವಿತರಕ ಸಂಸ್ಥೆ ತಿರಸ್ಕರಿಸಿತು. ಎರಡನೇ ಸಲ ಗಾಯಕಿಯ ಹೆಸರು ಅದೇ ಹೆಸರಿನ ಇನ್ನಾರದೋ ಪುಟಕ್ಕೆ ಹೋಗಿ ಸೇರಿಕೊಂಡಿತು. ಜೊತೆ ಕಲಾವಿದರಿಗೆ ಈಗಾಗಲೇ ಪುಟ ಇದ್ದರೆ ಅದರ ಲಿಂಕ್ ಅನ್ನೇ ಕೊಡಿ, ಹೆಸರು ಟೈಪ್ ಮಾಡಿ ಬಿಡಬೇಡಿ. ಬಿಡುಗಡೆಯ ದಿನವನ್ನು ಕನಿಷ್ಠ ನಾಲ್ಕು ವಾರ ಮುಂದಿಡಿ. ಸ್ಪಾಟಿಫೈನಲ್ಲಿ ಹಾಡನ್ನು ಬಿಡುಗಡೆಗೆ 7 ದಿನ ಮೊದಲೇ ಪಿಚ್ ಮಾಡಿದರೆ, ಅಂದರೆ ಪ್ಲೇಲಿಸ್ಟ್ ಸಂಪಾದಕರ ಮುಂದಿಟ್ಟರೆ, ಮಾತ್ರ ನಿಮ್ಮನ್ನು ಹಿಂಬಾಲಿಸುವವರ ಹೊಸ ಹಾಡುಗಳ ಪಟ್ಟಿಯಾದ ರಿಲೀಸ್ ರಾಡಾರ್‌ಗೆ ನೀವು ಆರಿಸಿದ ಹಾಡು ಹೋಗುತ್ತೆ. 2024ರಿಂದ ಅಲ್ಲಿ ಹಿಂದಿನ 12 ತಿಂಗಳಲ್ಲಿ 1,000 ಸ್ಟ್ರೀಮ್ ದಾಟದ ಹಾಡಿಗೆ ರೆಕಾರ್ಡಿಂಗ್ ರಾಯಧನ ಲೆಕ್ಕವೇ ಆಗಲ್ಲ, ಇದೂ ಗೊತ್ತಿರಲಿ.

ಬಿಡುಗಡೆಯಾದ ರಾತ್ರಿ ನಿದ್ದೆ ಬರಲಿಲ್ಲ. ಮೊದಲ ವಾರ ಕೇಳಿದವರೆಲ್ಲ ಪರಿಚಯದವರೇ, ಎಲ್ಲರೂ ಚೆನ್ನಾಗಿದೆ ಅಂದರು. ಎರಡನೇ ವಾರದಿಂದ ಪರಿಚಯ ಇಲ್ಲದವರು ಬರೆಯೋಕೆ ಶುರು ಮಾಡಿದರು. ಒಬ್ಬರು ಆದಿಪ್ರಾಸವನ್ನು ಗುರುತಿಸಿ ಅದರ ಬಗ್ಗೆಯೇ ಒಂದು ಪ್ಯಾರಾ ಬರೆದಿದ್ದರು. ಅದನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಇನ್ನೊಬ್ಬರು ರ್ಯಾಪ್ ಒಂದು ಹಾಡು, ಹುಕ್ ಇನ್ನೊಂದು ಹಾಡು, ಎರಡನ್ನೂ ತಂದು ಅಂಟಿಸಿದ ಹಾಗಿದೆ ಅಂದರು. ಮತ್ತೊಬ್ಬರಿಗೆ ಆ ಅಂತರವೇ ಇಷ್ಟವಾಗಿತ್ತು, ಬೇರೆಯಾದ ಇಬ್ಬರು ಹೀಗೇ ಕೇಳಿಸಬೇಕು ಅಂತ ಬರೆದಿದ್ದರು. ಒಂದೇ ರಿವರ್ಬ್, ಒಬ್ಬರಿಗೆ ದೋಷ, ಇನ್ನೊಬ್ಬರಿಗೆ ಗುಣ.

ಆ ದಿನಗಳಲ್ಲಿ ನನಗೆ ಧೈರ್ಯ ಕೊಟ್ಟಿದ್ದು ಹಿಪ್‌ಹಾಪ್‌ನ ಹಳೆಯ ಕಥೆಗಳು. 2004ರಲ್ಲಿ ರ್ಯಾಪರ್ ನೆಲ್ಲಿ ಮತ್ತು ಕಂಟ್ರಿ (ಅಮೆರಿಕದ ಹಳ್ಳಿಗಾಡಿನ ಬೇರಿರುವ ಸಂಗೀತ) ಗಾಯಕ ಟಿಮ್ ಮೆಕ್‌ಗ್ರಾ ಸೇರಿ ವಿರಹದ ಹಾಡು ‘ಓವರ್ ಆ್ಯಂಡ್ ಓವರ್’ ಮಾಡಿದಾಗ ವಿಮರ್ಶಕರು ಒಮ್ಮತಕ್ಕೆ ಬರಲಿಲ್ಲ. ಆದರೂ ಅದು ಅಮೆರಿಕದ ಬಿಲ್‌ಬೋರ್ಡ್ ಹಾಟ್ 100ರಲ್ಲಿ 3ನೇ ಸ್ಥಾನಕ್ಕೆ, ಬ್ರಿಟನ್‌ನಲ್ಲಿ 1ನೇ ಸ್ಥಾನಕ್ಕೆ ಹೋಯಿತು. 2008ರ ನವೆಂಬರ್‌ನಲ್ಲಿ ರ್ಯಾಪರ್ ಕಾನ್ಯೆ ವೆಸ್ಟ್ ‘808ಸ್ ಆ್ಯಂಡ್ ಹಾರ್ಟ್‌ಬ್ರೇಕ್’ ಆಲ್ಬಂ ಹೊರತಂದರು. ಅದಕ್ಕೆ ಒಂದು ವರ್ಷ ಹಿಂದೆ ತಾಯಿ ತೀರಿಕೊಂಡಿದ್ದರು, ಆಮೇಲೆ ನಿಶ್ಚಯವಾಗಿದ್ದ ಮದುವೆಯೂ ಮುರಿದಿತ್ತು. 1980ರಲ್ಲಿ ಬಂದ ರೋಲ್ಯಾಂಡ್ ಟಿಆರ್-808 ಡ್ರಮ್ ಯಂತ್ರದ ಸದ್ದಿನ ಮೇಲೆ, ರ್ಯಾಪ್ ಬಹುಪಾಲು ಬಿಟ್ಟು, ಶ್ರುತಿ ತಿದ್ದುವ ತಂತ್ರಾಂಶವಾದ ಆಟೋಟ್ಯೂನ್‌ನಲ್ಲಿ ಹಾಡಿದ್ದರು. ಆಗ ಎಷ್ಟೋ ಜನಕ್ಕೆ ಅದು ಹಿಡಿಸಲಿಲ್ಲ. ಆಮೇಲೆ ಬಂದ ರ್ಯಾಪರ್‌ಗಳು ಹಾಡಿಕೊಂಡು ದುಃಖ ಹೇಳುವ ದಾರಿ ಅಲ್ಲಿಂದಲೇ ಅಗಲವಾಯಿತು. ಇದನ್ನೆಲ್ಲ ನೆನೆಸಿಕೊಂಡು, ಟೀಕೆ ಮಾಡಿದವರಿಗೆ ನನ್ನ ಹಾಡು ಮುಂದೊಂದು ದಿನ ಅರ್ಥವಾಗುತ್ತೆ ಅಂದುಕೊಂಡು ಕೂತಿದ್ದೆ.

ಆಗ ಬಂತು ನಾಲ್ಕನೇ ಬರಹ. ಉದ್ದವಿರಲಿಲ್ಲ. ಅದರ ಸಾರಾಂಶ ಇಷ್ಟು: ಹುಕ್‌ನಲ್ಲಿ ಅವಳು ಯಾಕೆ ಹೋದೆ ಅಂತ ಹೇಳಿಬಿಟ್ಟಿದ್ದಾಳೆ, ಮೂರು ಸಲ ಹೇಳಿದ್ದಾಳೆ. ಮೂರನೇ ವರ್ಸ್‌ನ ಕೊನೆಯ ನಾಲ್ಕು ಬಾರ್‌ನಲ್ಲಿ ಅವನು ಇನ್ನೂ ‘ಕಾರಣ ಹೇಳದೆ ಹೋದೆ’ ಅಂತ ಬೈಯುತ್ತಿದ್ದಾನೆ. ಅವನು ಹುಕ್ ಕೇಳಿಸಿಕೊಂಡೇ ಇಲ್ಲ.

ಸಿಟ್ಟು ಬಂತು. ಉತ್ತರ ಬರೆಯೋಕೆ ಕೂತೆ, ಬರೆಯೋಕೆ ಮುಂಚೆ ಸಾಕ್ಷಿ ಇರಲಿ ಅಂತ ಹಾಡು ಹಾಕಿದೆ. ಅವರು ಹೇಳಿದ ಹಾಗೇ ಇತ್ತು. ಗಾಯಕಿಯ ಸಾಲು ‘ಹೇಳಿದ್ದೆ, ನೀನು ಫೋನ್ ನೋಡುತ್ತಿದ್ದೆ’ ಅಂತ ಇದೆ. ಆ ಸಾಲನ್ನು ನಾನು ನೂರಾರು ಸಲ ಕೇಳಿದ್ದೆ. ಶ್ರುತಿ ಸರಿ ಇದೆಯಾ, ತಾಳಕ್ಕೆ ಕೂತಿದೆಯಾ, ರಿವರ್ಬ್ ಸಾಕಾ, ಇಷ್ಟಕ್ಕೇ ಕೇಳಿದ್ದೆ. ಮೂರನೇ ವರ್ಸ್ ಬರೆದಿದ್ದು ಆ ಮೊದಲ ರಾತ್ರಿ, ಹುಕ್ ಬಂದಿದ್ದು ತಿಂಗಳುಗಳ ಮೇಲೆ. ಹುಕ್ ಬಂದಮೇಲೆ ವರ್ಸ್‌ನ ಮುಂದೆ ಮತ್ತೆ ಕೂರಬೇಕಿತ್ತು. ಜೊತೆಗಾರರ ಭಾಗ ಕೈಗೆ ಬಂದ ದಿನ ನಿಮ್ಮ ಭಾಗವನ್ನು ತೆರೆದು ಸಾಲು ಸಾಲು ಓದಿ, ಅವರ ಮಾತಿಗೆ ನಿಮ್ಮಲ್ಲಿ ಉತ್ತರ ಇದೆಯಾ ನೋಡಿ. ಈ ಇಡೀ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಗಾಯಕಿಗೆ ಆ ಬರಹ ಕಳಿಸಿದೆ. ಅವರು ಆಗಲೇ ಓದಿದ್ದರು. ‘ನಾನು ಹೇಳಬೇಕಿತ್ತು,’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ಹೇಳಿದ್ದೆ ಅನ್ಸತ್ತೆ, ಒಂದೇ ಕೋಣೆಯಲ್ಲಿರಬೇಕು ಅಂದಾಗ,’ ಅಂದರು.

ಮೊದಲ ಆವೃತ್ತಿಯನ್ನು ತೆಗೆದುಹಾಕಲಿಲ್ಲ, ಜನ ಮಾತಾಡಿದ್ದು ಅದರ ಬಗ್ಗೆ. ಎರಡನೇ ಆವೃತ್ತಿ ಮಾಡಿದೆವು. ರೆಕಾರ್ಡಿಂಗ್ ಬದಲಾದರೆ ಅದಕ್ಕೆ ಬೇರೆಯೇ ಐಎಸ್‌ಆರ್‌ಸಿ, ಅಂದರೆ 12 ಅಕ್ಷರ-ಅಂಕಿಗಳ ಗುರುತು ಸಂಖ್ಯೆ ಬೇಕು. ಹಳೆಯದನ್ನೇ ಹಾಕಿದರೆ ಎರಡರ ಲೆಕ್ಕವೂ ಕಲಸಿಹೋಗುತ್ತೆ. ಸ್ಪ್ಲಿಟ್ ಶೀಟ್‌ಗೆ ಮತ್ತೆ ಸಹಿ ಆಯಿತು, ಈ ಸಲ ಅರ್ಧ ಗಂಟೆಯಲ್ಲಿ. ಹೊಸ ಸಂಖ್ಯೆ ಹೋದ ವಾರ ಬಂತು. ಮೂರನೇ ವರ್ಸ್ ಈಗ 12 ಬಾರ್‌ಗೇ ನಿಲ್ಲುತ್ತೆ. ಆ ನಾಲ್ಕು ಬಾರ್‌ನಲ್ಲಿ ನನ್ನ ಮಾತಿಲ್ಲ, ಡ್ರಮ್ ಒಂದೇ ನಡೆಯುತ್ತೆ, ಹದಿನಾಲ್ಕು ಸೆಕೆಂಡ್ ಹತ್ತಿರ. ಆಮೇಲೆ ಅವರು ಉಸಿರು ಎಳೆದುಕೊಳ್ಳೋದು ಕೇಳಿಸುತ್ತೆ, ಈ ಸಲ ನನ್ನ ಧ್ವನಿ ಇದ್ದ ಕೋಣೆಯಲ್ಲೇ.